ಹಂಸದ ಸಾಲು ಮುಟ್ಟುವ ಬೆಳಗು

ಹಳೇಬೀಡು
9 ಸೆಪ್ಟೆಂಬರ್ 2024

ಸಿರಿ ಅವರಿಗೆ,

ಕಾಗದ ಶುರು ಮಾಡುವಾಗ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಕ್ಷೇಮವೋ ಅಲ್ಲವೋ ಎನ್ನುವುದೇ ಈ ಕಾಗದದ ವಿಷಯವಾದ್ದರಿಂದ ಅದನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ನನ್ನ ಹೆಸರು ಪುಷ್ಪಲತಾ. ಇಲ್ಲಿನ ದೇವಸ್ಥಾನದಲ್ಲಿ ಗೈಡ್. ಉಬ್ಬಸ ಇರುವವರಿಗಾಗಿ ನೀವು ಮಾಡುತ್ತಿರುವ ಹವಾಮಾನದ ಆ್ಯಪನ್ನು ಹಾಸನದ ಡಾಕ್ಟರು ನನ್ನ ಫೋನಿಗೆ ಹಾಕಿಸಿ, "ಇನ್ನೂ ತಯಾರಾಗ್ತಾ ಇದೆ, ಬಳಸಿ ನೋಡಿ ಸರಿ ತಪ್ಪು ಹೇಳಿ" ಅಂದರು. ಅದರಲ್ಲಿ ನಿಮ್ಮ ಹೆಸರು, ಅರಸೀಕೆರೆಯ ವಿಳಾಸ ಇತ್ತು. ಫೋನ್ ನಂಬರೂ ಇತ್ತು, ಮಾಡಲಿಲ್ಲ. ಫೋನಿನಲ್ಲಿ ಮಾತಾಡಿದರೆ ಉಸಿರು ಖರ್ಚಾಗುತ್ತದೆ. ಬರೆಯುವುದಕ್ಕೆ ಇಂಕು ಸಾಕು.

ನಿಮ್ಮ ಆ್ಯಪಿನ ಪರದೆ ಬೆಳಗಾದರೆ ನನ್ನನ್ನು ಕೇಳುತ್ತದೆ: ಇಂದು ನಿಮ್ಮ ಉಸಿರಾಟಕ್ಕೆ ಹತ್ತರಲ್ಲಿ ಎಷ್ಟು ಅಂಕ? ನನ್ನ ಉಸಿರೇನು ಪರೀಕ್ಷೆಗೆ ಕೂತಿದೆಯೇ? ನಾನು ಅದನ್ನು ಅಳೆಯುವ ರೀತಿಯೇ ಬೇರೆ. ನಮ್ಮ ದೇವಸ್ಥಾನದ ಹೊರಗೋಡೆ ನೋಡಿದ್ದೀರಲ್ಲ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸಾಲು. ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಆಮೇಲೆ ಪುರಾಣದ ಕತೆಗಳು, ಮಕರ, ತುದಿಯಲ್ಲಿ ಹಂಸ. ನನಗೆ ಈ ಕೆಲಸ ಕಲಿಸಿದವರು ಗೋಡೆಯ ಮುಂದೆ ಎಲ್ಲೇ ನಿಂತರೂ ಆನೆಯಿಂದ ಹಂಸದವರೆಗೆ ಒಂದೇ ಉಸಿರಿನಲ್ಲಿ ಹೇಳಬೇಕು ಅನ್ನುತ್ತಿದ್ದರು. ಒಂದೊಂದು ಸಾಲಿಗೆ ಒಂದೊಂದು ಮಾತು. ನಡುವೆ ನಿಂತರೆ ಕೇಳುವವರ ಕಣ್ಣು ಕೆಳಗೆ ಬೀಳುತ್ತದಂತೆ. ನನ್ನ ಉಸಿರು ಯಾವ ಸಾಲಿನಲ್ಲಿ ನಿಲ್ಲುತ್ತದೋ ಅವತ್ತಿನ ನನ್ನ ಆರೋಗ್ಯ ಅಷ್ಟು.

ಇನ್ನೊಂದು ಮಾತು. ನಿಮ್ಮ ಪರದೆ ನಾಲ್ಕು ಬಗೆಯ ಬಣ್ಣದಲ್ಲಿ ಹೇಳುವುದು ಒಂದೇ: ಹೊರಗೆ ಹೋಗಬೇಡಿ. ಬೇಡ ಅನ್ನುವುದಕ್ಕೆ ನಮ್ಮ ಮನೆಯವರು ರಾಜಶೇಖರ್ ಇದ್ದಾರೆ, ಆ್ಯಪ್ ಯಾಕೆ? ನನಗೆ ಬೇಕಾದದ್ದು ಒಂದು ಬೆಳಗ್ಗೆ. ದಕ್ಷಿಣದ ಬಾಗಿಲಿನಿಂದ ಹೊರಟು ಉತ್ತರದ ಬಾಗಿಲಿನ ತನಕ ಇಡೀ ಗೋಡೆಯನ್ನು ಹಂಸದ ಸಾಲು ಮುಟ್ಟಿಸಿ ಹೇಳಿ ಮುಗಿಸುವಂಥ ಒಂದೇ ಒಂದು ಬೆಳಗ್ಗೆ. ಅದು ಯಾವತ್ತು ಎಂದು ನಿಮ್ಮ ಪರದೆಗೆ ಹೇಳಲು ಬಂದರೆ ಹೇಳಲಿ.

ಪುಷ್ಪಲತಾ

ಅರಸೀಕೆರೆ
17 ಸೆಪ್ಟೆಂಬರ್ 2024

ಶ್ರೀಮತಿ ಪುಷ್ಪಲತಾ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಪೋಸ್ಟ್‌ಮನ್ ನನ್ನ ಹೆಸರಿಗೆ ಕೈಬರಹದ ಲಕೋಟೆ ತಂದದ್ದು ಇದೇ ಮೊದಲು. ನಮ್ಮಜ್ಜಿ ರುದ್ರಮ್ಮ ಅದನ್ನು ಮದುವೆಯ ವಿಚಾರವೆಂದು ತಿಳಿದು ದೇವರ ಮುಂದೆ ಇಟ್ಟಿದ್ದರು.

ಪ್ರಶ್ನೆಯ ಬಗ್ಗೆ ನೀವು ಬೈದದ್ದು ಸರಿಯಾಗಿದೆ. ನಮ್ಮದು ಮೈಸೂರಿನ ಒಂದು ಪುಟ್ಟ ತಂಡ, ಪರದೆಯ ಮೇಲೆ ಏನು ಹೇಗೆ ಕಾಣಬೇಕು ಎಂಬುದು ನನ್ನ ಕೆಲಸ, ನಾನು ಮನೆಯಿಂದಲೇ ಮಾಡುತ್ತೇನೆ. ಬೇಲೂರು, ಗಂಡಸಿ, ಗೆಂಡೆಹಳ್ಳಿ ಕಡೆಯ ಕೆಲವರು ನಿಮ್ಮ ಹಾಗೆಯೇ ಬಳಸಿ ನೋಡುತ್ತಿದ್ದಾರೆ. ಅವರೆಲ್ಲ ದಿನವೂ ಐದು ಒತ್ತುತ್ತಾರೆ. ಮಳೆಯಾಗಲಿ ಧೂಳಾಗಲಿ ಐದು. ಯಾಕಿರಬಹುದು ಎಂದು ಅಜ್ಜಿಯನ್ನು ಕೇಳಿದೆ. "ಹೆಂಗಿದೀರಾ ಅಂತ ಯಾರಾದ್ರೂ ಕೇಳಿದ್ರೆ ಚೆನ್ನಾಗಿದೀನಿ ಅನ್ನೋದಲ್ವೇನೇ? ಹತ್ತು ಅಂದ್ರೆ ದೃಷ್ಟಿ ಆಗತ್ತೆ, ಒಂದು ಅಂದ್ರೆ ನೀನು ನೊಂದ್ಕೋತೀಯ. ಐದು ಮರ್ಯಾದೆ" ಅಂದರು.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಅಂಕ ಬಿಡಿ. ಯಾವ ದಿನ ಉಸಿರು ಯಾವ ಸಾಲಿನಲ್ಲಿ ನಿಂತಿತು ಎಂದು ಬರೆದು ಕಳಿಸುತ್ತೀರಾ? ಧೂಳು, ತೇವ ಅಳೆಯುವ ಒಂದು ಡಬ್ಬಿಯನ್ನೂ ಕೊರಿಯರ್ ಮಾಡಿದ್ದೇನೆ. ಗಾಳಿಯಾಡುವ ಕಡೆ ಇಡಿ. ಆ ಒಂದು ಬೆಳಗ್ಗೆಯನ್ನು ಹುಡುಕೋಣ.

ಸಿರಿ

ಹಳೇಬೀಡು
6 ಅಕ್ಟೋಬರ್ 2024

ಸಿರಿ ಅವರಿಗೆ,

ಡಬ್ಬಿ ಬಂತು. ದೇವಸ್ಥಾನದ ಎದುರು ನಮ್ಮ ಮನೆಯವರದು ಒಂದು ಕ್ಯಾಂಟೀನು. ಅದರ ಮಾಡಿನ ಕೆಳಗೆ ನೇತುಹಾಕಿದರು. ಸಂಜೆಯಾದರೆ ಹಳೇಬೀಡಿನ ಗಾಳಿ ವಿಷವಾಗುತ್ತದೆ ಎಂದು ನಿಮ್ಮ ಪರದೆ ಬಡಿದುಕೊಳ್ಳತೊಡಗಿತು. ನೋಡಿದರೆ ಡಬ್ಬಿ ಇದ್ದದ್ದು ಬೋಂಡಾ ಬಾಣಲೆಯ ನೇರಕ್ಕೆ. ಈಗ ಹಿಂದಿನ ಕಂಬಕ್ಕೆ ಕಟ್ಟಿದ್ದಾರೆ.

ಕಳೆದ ವಾರದ ಗೋಡೆ ಹೀಗಿತ್ತು. ಭಾನುವಾರ ಮೋಡ, ಕುದುರೆಯ ತನಕ. ಸೋಮವಾರ ಕಾಂಗ್ರೆಸ್ ಗಿಡದ ಹೂವಿನ ಘಾಟು ಕೆರೆಯ ಕಡೆಯಿಂದ ಬಂತು, ಸಿಂಹದಲ್ಲೇ ನಿಂತೆ. ಮಂಗಳವಾರ ರಾತ್ರಿ ಮಳೆಯಾಗಿ ತೊಳೆದಿತ್ತು, ಕತೆಯ ಸಾಲಿನ ತನಕ ಹೋದೆ. ಬುಧವಾರವೂ ಅದೇ. ಕಲ್ಲು ನೆನೆದಾಗ ಅದರ ಬಣ್ಣ ಗಾಢವಾಗಿ, ಆನೆಗಳ ಬೆನ್ನು ಈಗಷ್ಟೇ ಕೆರೆಯಿಂದ ಎದ್ದು ಬಂದ ಹಾಗೆ ಹೊಳೆಯುತ್ತಿತ್ತು. ಒಂದೊಂದು ಆನೆಯೂ ಒಂದೊಂದು ಥರ. ಒಂದು ಮುಂದಿನದರ ಬಾಲ ನೋಡುತ್ತಿದೆ, ಒಂದಕ್ಕೆ ಸಿಟ್ಟು, ಒಂದು ಮರಿಯಂತೆ ಸೊಂಡಿಲು ಮಡಿಚಿದೆ. ನಡೆಯುತ್ತ ಹೋದರೆ ಅವೇ ನಡೆಯುತ್ತಿವೆ, ನಾನು ನಿಂತಿದ್ದೇನೆ ಅನ್ನಿಸುತ್ತದೆ.

ಅರಸೀಕೆರೆ ದೂರವೇನಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಬನ್ನಿ, ಗೋಡೆ ತೋರಿಸುತ್ತೇನೆ. ಎಳೆ ವಯಸ್ಸು, ಗಟ್ಟಿ ಎದೆ, ನಿಮಗೇನು.

ಪುಷ್ಪಲತಾ

ಅರಸೀಕೆರೆ
27 ಅಕ್ಟೋಬರ್ 2024

ಪುಷ್ಪಲತಾ ಮೇಡಂ,

ನಿಮ್ಮ ಸಾಲುಗಳನ್ನು ಡಬ್ಬಿಯ ಅಂಕಿಗಳ ಪಕ್ಕ ಇಟ್ಟು ನೋಡಿದೆ. ಹೂವಿನ ದಿನ ಇಳಿಯುತ್ತದೆ, ಮಳೆಯ ಮರುದಿನ ಏರುತ್ತದೆ. ಎಲ್ಲರ ಐದುಗಳ ನಡುವೆ ಉಸಿರಾಡುತ್ತಿರುವುದು ನಿಮ್ಮ ಗೋಡೆಯೊಂದೇ. ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಪರದೆಯಿಂದ ಅಂಕಗಳನ್ನೂ ಕೆಂಪು ಹಸಿರುಗಳನ್ನೂ ಕಿತ್ತುಹಾಕುತ್ತೇನೆ. ಬೆಳಗ್ಗೆ ಫೋನು ತೆರೆದರೆ ನಿಮ್ಮ ಗೋಡೆ ಕಾಣಬೇಕು. ಗಾಳಿ ಕೆಟ್ಟಿದ್ದರೆ ಕೆಳಗಿನ ಆನೆಯ ಸಾಲಿಗೆ ಮಾತ್ರ ಬೆಳಕು. ಒಳ್ಳೆಯದಾದಷ್ಟೂ ಬೆಳಕು ಒಂದೊಂದೇ ಸಾಲು ಹತ್ತಿ ಕೊನೆಗೆ ಹಂಸ ಮುಟ್ಟುತ್ತದೆ.

ಕರಡು ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಆನೆ ನೋಡಿ ಕೈಮುಗಿದರು. "ಅಜ್ಜಿ, ಆನೆ ಬಂದ್ರೆ ಮನೆಯಲ್ಲೇ ಇರ್ಬೇಕು ಅಂತ" ಅಂದೆ. "ಅಲ್ಲ ಕಣೇ, ಎದುರಿಗೆ ಆನೆ ಬಂದ್ರೆ ಶುಭ. ಹೊರಗೆ ಬರ್ಬೇಡ ಅಂತ ಆನೆ ಯಾಕಂದೀತು?" ಅಂದರು. ಆದ್ದರಿಂದ ಆನೆಯನ್ನು ಮಲಗಿಸಿದ್ದೇನೆ. ಮಲಗಿದ ಆನೆ ನಿಮ್ಮ ಗೋಡೆಯಲ್ಲಿಲ್ಲ, ಕ್ಷಮಿಸಬೇಕು.

ಉಸಿರು ಹಿಡಿದಾಗ ಹೇಗೆ ಕೂರಬೇಕೆಂಬ ಒಂದು ಚಿತ್ರವನ್ನೂ ಸೇರಿಸಿದ್ದೇನೆ, ನೋಡಿ ಹೇಳಿ.

ಬರಲು ನನಗೂ ಆಸೆ. ಈ ತಿಂಗಳು ಕೆಲಸ ಬಹಳ.

ಸಿರಿ

ಹಳೇಬೀಡು
20 ನವೆಂಬರ್ 2024

ಸಿರಿಗೆ,

ನೀನು ಅಂದರೆ ಬೇಜಾರಿಲ್ಲ ತಾನೇ? ನನ್ನ ಗೋಡೆಯ ಆನೆಯನ್ನು ಮಲಗಿಸಿದವಳನ್ನು ನೀವು ಅನ್ನಲು ಬಾಯಿ ಬರುತ್ತಿಲ್ಲ.

ಮಂಜು ಶುರುವಾಗಿದೆ. ನಿನಗೆ ಈ ದಿನಗಳನ್ನು ಹೇಗೆ ಹೇಳಲಿ? ಬೆಳಗ್ಗೆ ಕೆರೆಯೂ ಇಲ್ಲ, ಏರಿಯೂ ಇಲ್ಲ, ಬಸ್‌ ನಿಲ್ದಾಣವೂ ಇಲ್ಲ. ಬಿಳಿಯ ನಡುವೆ ಗೋಡೆಯೊಂದೇ ತೇಲುತ್ತಿರುತ್ತದೆ. ಅದಕ್ಕೆ ಬುಡವೂ ಕಾಣುವುದಿಲ್ಲ, ತಲೆಯೂ ಕಾಣುವುದಿಲ್ಲ. ನಾನು ಆನೆಯಿಂದ ಶುರು ಮಾಡುತ್ತೇನೆ. ಸಿಂಹ, ಬಳ್ಳಿ, ಕುದುರೆ. ಕುದುರೆಗಳ ಗೊರಸಿನ ಸದ್ದು ಕೇಳುತ್ತದೆ. ಕತೆಯ ಸಾಲಿನ ಜನ ದಾರಿ ಬಿಡುತ್ತಾರೆ. ಮಕರಗಳ ಬೆನ್ನ ಮೇಲೆ ಕಾಲಿಟ್ಟು ಹತ್ತುತ್ತೇನೆ. ನಿನ್ನೆಯೂ ಇವತ್ತೂ ಹಂಸದ ತನಕ ಹೋದೆ, ಸಿರಿ. ಎದೆಯೊಳಗೆ ಒಂದು ಸಿಳ್ಳೆಯೂ ಇಲ್ಲ. ಹಂಸಗಳು ಕಲ್ಲಿನಿಂದ ಬಿಡಿಸಿಕೊಂಡು ಮಂಜಿನೊಳಕ್ಕೆ ಹೋದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಮಂಜಿನ ದಿನ ಹಂಸ, ಬರೆದುಕೋ.

ಈ ಸಲವೂ ಬರಲಾಗದು ಎಂದು ಬರೆಯುತ್ತೀಯ, ಗೊತ್ತು. ದೊಡ್ಡ ಗಾಜಿನ ಕಿಟಕಿಯ ಹಿಂದೆ ತಣ್ಣಗೆ ಕೂತು ಕೆಲಸ ಮಾಡುವವರಿಗೆ ನಮ್ಮ ಬಸ್ಸಿನ ಧೂಳು ಯಾಕೆ ಬೇಕು. ಬೇಸರಕ್ಕೆ ಹೇಳುತ್ತಿಲ್ಲ. ಸ್ವಲ್ಪ ಬೇಸರಕ್ಕೂ ಹೇಳುತ್ತಿದ್ದೇನೆ.

ಪುಷ್ಪಲತಾ

ಅರಸೀಕೆರೆ
8 ಡಿಸೆಂಬರ್ 2024

ಪುಷ್ಪಕ್ಕಾ,

ಗೋಡೆ ಎಲ್ಲರ ಫೋನಿಗೂ ಹೋಯಿತು. ಹಂಸದ ಸಾಲು ಬೆಳಗಿದ ದಿನ "ಹೊರಗೆ ಬನ್ನಿ" ಎಂದು ಪರದೆ ತೋರಿಸುತ್ತದೆ. ಬೇಡ ಅನ್ನದ ಒಂದು ದಿನ ಬೇಕು ಅಂದಿರಲ್ಲ, ಅದು ಇದೇ. ಮಂಜಿನ ಬೆಳಗ್ಗೆಗಳಿಗೆ ನಿಮ್ಮ ಮಾತೇ ಆಧಾರ. ಡಬ್ಬಿಯ ಅಂಕಿಗಳು ಬೇರೆ ಏನೋ ಹೇಳುತ್ತಿದ್ದವು. ಮಂಜಿನ ತೇವಕ್ಕೆ ಡಬ್ಬಿ ತಪ್ಪು ಓದುತ್ತಿರಬೇಕು ಎಂದುಕೊಂಡು ಅದನ್ನು ಹಿಂದಕ್ಕೆ ಸರಿಸಿ ನಿಮ್ಮನ್ನು ಮುಂದಿಟ್ಟೆ.

ನಿನ್ನೆ ಅರಸೀಕೆರೆಗೂ ಮಂಜು ಬಿತ್ತು. ಪರದೆಯಲ್ಲಿ ಹಂಸ. ನಾನು ಅದನ್ನು ನೋಡುತ್ತಲೇ ಕೂತಿದ್ದೆ. ಅಜ್ಜಿ, "ಅಷ್ಟು ಚೆಂದ ಇದ್ರೆ ಬಾಗ್ಲು ತೆಗ್ದು ನೋಡ್ಬಾರ್ದೇನೇ" ಅಂದರು.

ಬಹಳ ಸಂತೋಷದಲ್ಲಿದ್ದೇನೆ ಅಕ್ಕಾ. ಗಾಜಿನ ಕಿಟಕಿಯ ಮಾತಿಗೆ ಉತ್ತರ ಇನ್ನೊಮ್ಮೆ ಬರೆಯುತ್ತೇನೆ.

ಸಿರಿ

ಅರಸೀಕೆರೆ
21 ಡಿಸೆಂಬರ್ 2024

ಪುಷ್ಪಕ್ಕಾ,

ಗಂಡಸಿಯಲ್ಲಿ ಗಂಗಾಧರಪ್ಪ ಎಂಬ ಹಿರಿಯರು ನಮ್ಮ ಪರದೆ ಬಳಸುತ್ತಾರೆ. ಬುಧವಾರ ಬೆಳಗ್ಗೆ ದಟ್ಟ ಮಂಜು. ಹಂಸ ಬೆಳಗಿದೆ ಎಂದು ಡೇರಿಗೆ ಹಾಲು ಹಾಕಲು ತಾವೇ ಹೊರಟರು. ಮಂಜಿನ ಕೆಳಗೆ ಯಾರೋ ತೆಂಗಿನ ಸಿಪ್ಪೆಗೆ ಹಾಕಿದ ಬೆಂಕಿಯ ಹೊಗೆ ಮೇಲೇಳಲಾಗದೆ ರಸ್ತೆಯಲ್ಲೇ ನಿಂತಿತ್ತಂತೆ. ದಾರಿಯಲ್ಲಿ ಕುಸಿದರು. ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಕೊಟ್ಟರು. ಈಗ ಮನೆಗೆ ಬಂದಿದ್ದಾರೆ, ಅಪಾಯವಿಲ್ಲ.

ಫೋನು ಮಾಡಿದೆ. "ಹಂಸ ಬಂದಿತ್ತು ಕಣವ್ವ, ಅದ್ಕೇ ಹೊಂಟೆ" ಅಂದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪರದೆಯನ್ನು ಎಲ್ಲರ ಫೋನಿನಿಂದಲೂ ಹಿಂತೆಗೆದಿದ್ದೇವೆ. ಡಬ್ಬಿ ತಪ್ಪು ಓದುತ್ತಿರಲಿಲ್ಲ. ಅಕ್ಕಾ, ಒಂದೇ ಪ್ರಶ್ನೆ. ಆ ಮಂಜಿನ ಬೆಳಗ್ಗೆ ನೀವು ಗೋಡೆಯ ಮುಂದೆ ನಿಂತು ಹಂಸದ ತನಕ ಹೇಳಿದ್ದು ನಿಜವೇ?

ಸಿರಿ

ಹಳೇಬೀಡು
29 ಡಿಸೆಂಬರ್ 2024

ಸಿರಿ,

ನಿಜವಲ್ಲ.

ಕಳೆದ ಫೆಬ್ರವರಿಯಿಂದ ನಾನು ದೇವಸ್ಥಾನದ ಮೆಟ್ಟಿಲು ಹತ್ತಿಲ್ಲ. ಶಾಲೆಯ ಮಕ್ಕಳ ಗುಂಪೊಂದಕ್ಕೆ ರಾವಣ ಕೈಲಾಸ ಎತ್ತುವ ಶಿಲ್ಪ ತೋರಿಸುತ್ತಿದ್ದೆ. ರಾವಣ ಬೆಟ್ಟ ಎತ್ತಿದ, ಮೇಲಿದ್ದವರೆಲ್ಲ ಅಲುಗಾಡಿದರು, ಆಗ ಶಿವ, ಅಂದೆ. ಅಷ್ಟೇ. ಮುಂದಿನ ಮಾತಿಗೆ ಉಸಿರು ಇರಲಿಲ್ಲ. ನಾನು ಬಾಯಿ ತೆರೆದು ನಿಂತಿದ್ದೆ. ಕತೆ ಮುಗಿಯಿತೆಂದು ತಿಳಿದು ಮಕ್ಕಳು ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯ ನಡುವೆಯೇ ಬಿದ್ದೆ.

ಅಂದಿನಿಂದ ನಡುಮನೆಯ ಮಂಚ, ಬಚ್ಚಲು, ಬಾಗಿಲು. ಬೆಳಗ್ಗೆ ಕಣ್ಣು ಮುಚ್ಚಿದರೆ ಗೋಡೆ ಬರುತ್ತದೆ. ಮಲಗಿಕೊಂಡೇ ದಕ್ಷಿಣದ ಬಾಗಿಲಿನಿಂದ ಹೊರಡುತ್ತೇನೆ, ಮನಸ್ಸಿನಲ್ಲೇ ಹೇಳುತ್ತೇನೆ. ನೀನು ಸಾಲು ಕೇಳಿದೆ, ನಾನು ಆ ಸಾಲು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ, ಅಷ್ಟು ನಿಚ್ಚಳವಾಗಿ ಹೋಗಿ ಬರುತ್ತಿದ್ದೆ. ಮಂಜು ಬಿದ್ದ ದಿನ ನಮ್ಮ ಮನೆಯವರು ಬಾಗಿಲು ಕಿಟಕಿ ಎಲ್ಲ ಭದ್ರ ಮಾಡಿ, ಒಲೆಯನ್ನೂ ಹಚ್ಚದೆ, ಕ್ಯಾಂಟೀನಿನಿಂದಲೇ ಕಾಫಿ ತರುತ್ತಿದ್ದರು. ಬೆಚ್ಚಗೆ, ಸದ್ದಿಲ್ಲದೆ ಮಲಗಿರುತ್ತಿದ್ದೆ. ಅದಕ್ಕೇ ಅಷ್ಟು ಮೇಲಿನ ತನಕ ಹೋಗುತ್ತಿದ್ದೆ.

ಉಳಿದವರು ಐದು ಒತ್ತುತ್ತಾರೆ ಎಂದು ನಾವಿಬ್ಬರೂ ನಕ್ಕೆವು. ನಾನು ಹಂಸ ಒತ್ತಿದೆ. ಗಂಗಾಧರಪ್ಪನವರಿಗೆ ಏನಾದರೂ ಆಗಿಬಿಟ್ಟಿದ್ದರೆ ಎಂದು ನೆನೆದರೆ ಮೈ ತಣ್ಣಗಾಗುತ್ತದೆ. ಅವರ ವಿಳಾಸ ಕೊಡು, ನಾನೇ ಬರೆಯುತ್ತೇನೆ.

ಪುಷ್ಪಲತಾ

ಹಳೇಬೀಡು
24 ಜನವರಿ 2025

ಸಿರಿ,

ನೀನು ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮಂಚದ ಮೇಲೆ ಬೇರೆ ಕೆಲಸವಿಲ್ಲದೆ ನಿನ್ನ ಹಳೆಯ ಚಿತ್ರಗಳನ್ನು ನೋಡುತ್ತಿದ್ದೆ. ಉಸಿರು ಹಿಡಿದಾಗ ಹೇಗೆ ಕೂರಬೇಕೆಂದು ಬರೆದಿದ್ದೀಯಲ್ಲ, ಕುರ್ಚಿಯ ತುದಿಯಲ್ಲಿ ಮುಂದಕ್ಕೆ ಬಗ್ಗಿ, ಮೊಣಕಾಲ ಮೇಲೆ ಕೈ ಊರಿ. ಡಾಕ್ಟರ ಗೋಡೆಯ ಮೇಲಿನ ಚಿತ್ರದಲ್ಲೂ ಅದೇ ಇದೆ. ಆದರೆ ನಿನ್ನ ಚಿತ್ರದ ಹೆಂಗಸು ಒಂದು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಒತ್ತಿಹಿಡಿದಿದ್ದಾಳೆ. ಅದನ್ನು ಯಾವ ಡಾಕ್ಟರೂ ಹೇಳಿಕೊಡುವುದಿಲ್ಲ. ನಾನೂ ಹಾಗೇ ಒತ್ತುತ್ತೇನೆ, ನೆಲ ಜಾರಿಹೋಗುತ್ತದೇನೋ ಅನ್ನುವ ಹಾಗೆ.

ನಿನಗೂ ಇದೆಯಾ?

ಪುಷ್ಪಲತಾ

ಅರಸೀಕೆರೆ
16 ಫೆಬ್ರವರಿ 2025

ಪುಷ್ಪಕ್ಕಾ,

ಇದೆ. ಏಳನೇ ಕ್ಲಾಸಿನಿಂದ ಇದೆ.

ಕೋಪದಿಂದ ಬರೆಯದೆ ಇದ್ದೆನೆಂದು ತಿಳಿಯಬೇಡಿ. ಮೊದಲ ದಿನ ಕೋಪ ಬಂದಿತ್ತು, ನಿಜ. ಆಮೇಲೆ ನಿಮ್ಮ ಮಂಚದ ಮಾತು ಓದಿ ನಾಚಿಕೆಯಾಯಿತು. ನೀವು ನನ್ನ ಗಾಜಿನ ಕಿಟಕಿಯ ಬಗ್ಗೆ ಬರೆದಿದ್ದಿರಲ್ಲ, ಗಾಜೇನೂ ಇಲ್ಲ, ಮರದ ಕಿಟಕಿ. ಅದನ್ನು ತೆರೆದು ಎರಡು ವರ್ಷದ ಮೇಲಾಯಿತು. ಅಪ್ಪನದು ಕೊಬ್ಬರಿ ವ್ಯಾಪಾರ, ಬೀದಿಯ ತುಂಬ ಮಟ್ಟೆಯ ಧೂಳು. ಅಂಚುಗಳಿಗೆ ಟೇಪು ಅಂಟಿಸಿಕೊಂಡಿದ್ದೇನೆ. ಒಮ್ಮೆ ಬಸ್ಸಿನಲ್ಲಿ ಬರುವಾಗ ಉಸಿರು ಹಿಡಿಯಿತು, ಇನ್ಹೇಲರ್ ಪಂಪು ತೆಗೆದು ಒತ್ತಿದರೆ ಖಾಲಿ. ಯಾರೋ ಪುಣ್ಯಾತ್ಮರು ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದರು. ಅವತ್ತಿನಿಂದ ಬಸ್ಸು ಹತ್ತಿಲ್ಲ. ಈಗ ಒಂದು ಪಂಪು ಬ್ಯಾಗಿನಲ್ಲಿ, ಒಂದು ತಲೆದಿಂಬಿನ ಹತ್ತಿರ, ಒಂದು ಅಡುಗೆಮನೆಯ ಡಬ್ಬಿಗಳ ಹಿಂದೆ. ಬಚ್ಚಲಿಗೆ ಹೋಗುವಾಗಲೂ ಕೈಯಲ್ಲಿ ಒಂದು ಇರುತ್ತದೆ, ಅಜ್ಜಿ ನಗುತ್ತಾರೆ.

ಹೊರಗೆ ಹೋಗಬೇಡಿ ಎಂದು ನಾಲ್ಕು ಬಣ್ಣದಲ್ಲಿ ಬರೆದವಳು ಗಾಳಿಯನ್ನು ನೋಡಿ ಬರೆದಿರಲಿಲ್ಲ. ಆಮೇಲೆ ಹೊರಗೆ ಬನ್ನಿ ಎಂದು ಬರೆದಾಗಲೂ ನನ್ನ ಕಿಟಕಿ ಮುಚ್ಚಿಯೇ ಇತ್ತು. ನೀವು ಮಂಚದಿಂದ ಹೇಳಿದಿರಿ, ನಾನು ಕೋಣೆಯಿಂದ ಕೇಳಿಸಿಕೊಂಡೆ. ನಡುವೆ ಗಂಗಾಧರಪ್ಪನವರು ಪಾಪ ನಿಜವಾದ ಮಂಜಿನಲ್ಲಿ ನಡೆದರು.

ಪರದೆಯನ್ನು ಮತ್ತೆ ಮಾಡುತ್ತಿದ್ದೇನೆ. ಗೋಡೆ ಹಾಗೇ ಇರುತ್ತದೆ, ಅದು ಸುಳ್ಳಲ್ಲ. ಆದರೆ ಇನ್ನು ಮೇಲೆ ಯಾವ ಸಾಲು ಎಂದು ಕೇಳುವ ಮೊದಲು ಪರದೆ ಇನ್ನೊಂದು ಪ್ರಶ್ನೆ ಕೇಳುತ್ತದೆ: ಎಲ್ಲಿಂದ ಹೇಳುತ್ತಿದ್ದೀರಿ? ಮಲಗಿಕೊಂಡೋ, ಬಾಗಿಲಲ್ಲಿ ನಿಂತೋ, ಹೊರಗೆ ನಡೆಯುತ್ತಲೋ? ಆಮೇಲೆ, ಡಬ್ಬಿ ಒಂದು ಹೇಳಿ ಮನುಷ್ಯರು ಇನ್ನೊಂದು ಹೇಳಿದರೆ ಪರದೆ ಯಾರ ಪರವನ್ನೂ ವಹಿಸದೆ ಕಾಯಿರಿ ಅನ್ನುತ್ತದೆ.

ನೀವು ಮತ್ತೆ ಬರೆಯುತ್ತೀರಾ? ಮಂಚದಿಂದಾದರೆ ಮಂಚ ಎಂದೇ ಬರೆಯಿರಿ.

ಸಿರಿ

ಹಳೇಬೀಡು
23 ಮಾರ್ಚ್ 2025

ಸಿರಿ ಕಂದಾ,

ಬಾಗಿಲಿನಿಂದ, ಸಿಂಹ.

ನಿನ್ನ ಪರದೆಯ ಹೊಸ ಪ್ರಶ್ನೆಗೆ ಈ ತಿಂಗಳ ಉತ್ತರ ಅಷ್ಟೇ. ಆನೆ, ಸಿಂಹ, ಆನೆ, ಆನೆ, ಸಿಂಹ. ಮಂಚದ ಮೇಲೆ ಹಂಸ ಮುಟ್ಟಿದವಳಿಗೆ ಇದು ಅವಮಾನ. ಆದರೆ ಬಾಗಿಲಲ್ಲಿ ನಿಂತು ನಿಜವಾದ ಗಂಟಲಿನಿಂದ ಆನೆ ಅಂದಾಗ ಎದುರುಮನೆಯ ನಯನಾ, "ಏನ್ ಪುಷ್ಪಕ್ಕ, ಎಷ್ಟು ದಿನ ಆಯ್ತು ನಿಮ್ಮ ದನಿ ಕೇಳಿ" ಅಂದಳು. ಸಿಂಹ ಅನ್ನುವಾಗ ಅಳು ಬಂದು ಅಲ್ಲಿಗೇ ನಿಂತಿತು. ಅದನ್ನು ಉಸಿರಿನ ಲೆಕ್ಕಕ್ಕೆ ಹಿಡಿಯಬೇಡ.

ನೀನು ಕೊಟ್ಟ ವಿಳಾಸಕ್ಕೆ ಬರೆದಿದ್ದೆ, ಗಂಗಾಧರಪ್ಪನವರಿಂದ ಉತ್ತರ ಬಂತು, ಮಗನ ಕೈಲಿ ಬರೆಸಿದ್ದಾರೆ. ತಾವು ಈಗ ಐದು ಒತ್ತುವುದನ್ನು ಬಿಟ್ಟು ನಿಜ ಹೇಳುತ್ತಾರಂತೆ. ಗೋಡೆಯ ಕತೆಗೆ ಮಾತ್ರ ಆಸೆಪಟ್ಟಿದ್ದಾರೆ.

ಡಾಕ್ಟರು ಔಷಧಿ ಬದಲಾಯಿಸಿದರು. ಬಿಕ್ಕೋಡಿನ ಕಡೆ ಮಳೆ ಬಿದ್ದು ಕಾಫಿ ಹೂವಾಗಿದೆಯಂತೆ. ಆ ಕಡೆಯ ಬಸ್ಸಿನವರು ಕ್ಯಾಂಟೀನಿಗೆ ಬಂದರೆ ಬಟ್ಟೆಯೆಲ್ಲ ಅದೇ ವಾಸನೆ ಎಂದು ಇವರು ಹೇಳಿದರು. ನನಗೆ ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಮೂಸಿ ನೋಡುವ ಆಸೆಯಂತೂ ಇದೆ.

ನಿನ್ನ ಕಿಟಕಿಯ ಟೇಪು ಒಂದು ಮೂಲೆಯಲ್ಲಾದರೂ ಕೀಳು. ಒಳ್ಳೆಯ ದಿನ ನೋಡಿಕೊಂಡೇ ಕೀಳು.

ಪುಷ್ಪಕ್ಕ

ಅರಸೀಕೆರೆ
13 ಮೇ 2025

ಪುಷ್ಪಕ್ಕಾ,

ಮೂರು ಸಂಜೆಯಿಂದ ಗುಡುಗು ಮಳೆ. ಮಟ್ಟೆಯ ಧೂಳೆಲ್ಲ ಕೂತಿದೆ. ಕಾಂಗ್ರೆಸ್ ಗಿಡ ಇನ್ನೂ ಹೂ ಬಿಟ್ಟಿಲ್ಲ. ಇವತ್ತು ಬೆಳಗ್ಗೆ ಪರದೆ ಅರಸೀಕೆರೆಗೆ ಮಕರ ತೋರಿಸಿತು. ಕಿಟಕಿಯ ಟೇಪು ಪೂರ್ತಿ ಕಿತ್ತೆ. ಕದ ಊದಿಕೊಂಡು ಬಿಗಿಯಾಗಿತ್ತು, ಅಪ್ಪ ಹೊರಗಿನಿಂದ ಎಳೆದರು. ಒಳಗೆ ಬಂದ ಗಾಳಿಗೆ ನೆನೆದ ಮಣ್ಣಿನ ವಾಸನೆ. ಮೊದಲು ಕೈ ಪಂಪಿನ ಕಡೆಗೇ ಹೋಯಿತು. ಬೇಕಾಗಲಿಲ್ಲ.

ನೀವು ಏರಿಯ ತನಕ ನಡೆದು ಕುದುರೆ ಮುಟ್ಟಿದ ಸುದ್ದಿ ಪರದೆಯಲ್ಲಿ ನೋಡಿದೆ. ಶುಕ್ರವಾರ ಬೆಳಗ್ಗೆಗೆ ಹಳೇಬೀಡಿಗೆ ಹಂಸ ಬರಬಹುದೆಂದು ಲೆಕ್ಕ ಹೇಳುತ್ತಿದೆ. ಈ ಸಲ ಡಬ್ಬಿಯೂ ಹೌದು ಅನ್ನುತ್ತದೆ. ನಿಮ್ಮ ಎದೆ ಏನು ಹೇಳುತ್ತದೋ ಅದನ್ನು ಅಲ್ಲಿ ನಿಂತೇ ನೋಡಬೇಕು. ಬೇಡ ಅನ್ನಿಸಿದರೆ ಮೆಟ್ಟಿಲಿನಿಂದಲೇ ವಾಪಸಾಗೋಣ, ಅದರಲ್ಲಿ ಸೋಲೇನಿಲ್ಲ.

ಆಗೋಣ ಎಂದು ಬರೆದೆ, ಗಮನಿಸಿದಿರಾ? ಮೊದಲ ಬಸ್ಸಿಗೆ ಹತ್ತುತ್ತೇನೆ. ಹತ್ತುವ ತನಕ ನಂಬಬೇಡಿ.

ಸಿರಿ

ಹಳೇಬೀಡು
19 ಮೇ 2025

ಸಿರಿ ಕಂದಾ,

ನೀನು ಹೋದ ಮೇಲೆ ಎರಡು ದಿನ ಮಲಗಿಯೇ ಇದ್ದೆ. ಹೆದರಬೇಡ, ದಣಿವು ಅಷ್ಟೇ. ಡಾಕ್ಟರೂ ನೋಡಿ ಸರಿಯಿದೆ ಅಂದರು. ಆ ಬೆಳಗ್ಗೆಯನ್ನು ನೀನೂ ನೋಡಿದ್ದೀಯ, ಆದರೂ ಬರೆಯಬೇಕು. ಇಲ್ಲದಿದ್ದರೆ ಅದೂ ಮಂಚದ ಮೇಲೆ ನಡೆದದ್ದೇನೋ ಎಂಬ ಅನುಮಾನ ನನಗೆ ಬರುತ್ತದೆ.

ಬಸ್ಸಿನಿಂದ ಇಳಿದ ನೀನು ಮುಷ್ಟಿಯಲ್ಲಿ ಪಂಪು ಹಿಡಿದು ನಿಂತಿದ್ದೆ. ನೀನು ಇಷ್ಟು ಸಣ್ಣಗಿದ್ದೀಯ ಎಂದು ನಾನು ತಿಳಿದಿರಲಿಲ್ಲ. ನೀನೂ ನನ್ನನ್ನು ಎತ್ತರದ ಹೆಂಗಸೆಂದು ತಿಳಿದಿದ್ದೆ ಅಂದೆ. ನಮ್ಮ ಮನೆಯವರು ಇಬ್ಬರನ್ನೂ ನೋಡಿ, "ಸರಿ ಹೋಯ್ತು, ಇಬ್ರಿಗೂ ಸೇರಿ ಒಂದು ಉಸಿರು" ಎಂದು ಕಾಫಿ ತರಲು ಹೋದರು. ನೀನು ನಮ್ಮ ಮನೆಯಲ್ಲಿ ಮುಖ ತೊಳೆದು, ಕಿಟಕಿಯ ಹತ್ತಿರ ಕೂತು ಅದನ್ನು ಕುಡಿದೆ. ಆಮೇಲೆ ಹೊರಟೆವು.

ದಕ್ಷಿಣದ ಬಾಗಿಲ ಹತ್ತಿರ ಕಲ್ಲು ಇನ್ನೂ ತಣ್ಣಗಿತ್ತು. ಆನೆ ಅಂದೆ. ಸಿಂಹ ಅಂದೆ. ಬಳ್ಳಿ, ಕುದುರೆ, ಮತ್ತೆ ಬಳ್ಳಿ. ಕತೆಯ ಸಾಲಿಗೆ ಬಂದಾಗ ಉಸಿರು ತೆಳ್ಳಗಾಯಿತು. ಗಾಳಿ ಚೊಕ್ಕವಾಗಿತ್ತು, ನಿನ್ನ ಪರದೆ ಸುಳ್ಳು ಹೇಳಿರಲಿಲ್ಲ. ನನ್ನ ಎದೆಗೆ ಈಗ ಇಷ್ಟೇ ಆಗುವುದು ಅಂತ ಅಲ್ಲಿ ನಿಂತೇ ಗೊತ್ತಾಯಿತು. ನಾನು ನಿನ್ನ ಮೊಣಕೈ ಹಿಡಿದುಕೊಂಡೆ, ಬೀಳಬಾರದೆಂದು. ನೀನು ಅದನ್ನು ಹೇಳು ಎಂದು ತಿಳಿದೆಯೋ ಏನೋ, ಮಕರ ಅಂದೆ. ನನ್ನ ಕಾಗದದ ಮಾತನ್ನೇ ಹೇಳಿದೆ, ಬೆನ್ನ ಮೇಲೆ ಕಾಲಿಟ್ಟು ಹತ್ತುವುದು. ಆಮೇಲೆ ಹಂಸ ಅಂದೆ.

ಅಲ್ಲಿಂದ ಗೋಡೆಯುದ್ದಕ್ಕೂ ಹಾಗೆಯೇ ನಡೆಯಿತಲ್ಲ, ಕೆಳಗಿನ ಸಾಲುಗಳು ನನ್ನವು, ಮೇಲಿನವು ನಿನ್ನವು. ನಡುನಡುವೆ ಕೂತೆವು, ನೀರು ಕುಡಿದೆವು. ಎರಡು ಕಡೆ ನೀನು ತಪ್ಪು ಹೇಳಿದೆ, ತಿದ್ದಲು ಹೋಗಲಿಲ್ಲ. ಹಿಂದೆ ನಾಲ್ಕಾರು ಜನ ಸೇರಿಕೊಂಡದ್ದು ನಿನಗೆ ಗೊತ್ತೇ ಆಗಲಿಲ್ಲ. ರಾವಣನ ಮುಂದೆ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ರಾವಣ ಬೆಟ್ಟ ಎತ್ತಿದ ಅಂದೆ, ಮೇಲಿದ್ದವರೆಲ್ಲ ಅಲುಗಾಡಿದರು ಅಂದೆ, ಆಗ ಶಿವ, ಅಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ಗೋಡೆಯ ಕಡೆ ತಿರುಗಿ, "ಆಗ ಶಿವ ಕಾಲಿನ ಹೆಬ್ಬೆರಳು ಊರಿದ, ಬೆಟ್ಟ ಮತ್ತೆ ನೆಲೆಗೆ ನಿಂತಿತು" ಅಂದೆ. ಕೆಳಗೆ ನೋಡಿದರೆ ನಿನ್ನ ಹೆಬ್ಬೆರಳು ಕಲ್ಲನ್ನು ಒತ್ತಿಹಿಡಿದಿತ್ತು, ನನ್ನದೂ ಒತ್ತಿತ್ತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕತೆ ಮುಂದಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಉತ್ತರದ ಬಾಗಿಲು ಮುಟ್ಟಿದಾಗ ನನಗೆ ಬಹಳ ಸಂತೋಷವಾಯಿತು. ಒಬ್ಬಳೇ ಮುಗಿಸಬೇಕೆಂದು ಒಂದು ಬೆಳಗ್ಗೆ ಕೇಳಿದ್ದೆ. ಕೇಳಿದ್ದು ಸಿಗಲಿಲ್ಲ, ಸಿಕ್ಕಿದ್ದನ್ನು ಯಾರಿಗೂ ಕೊಡಲಾರೆ. ಪರದೆಗೆ ಅವತ್ತಿನ ಉತ್ತರ ಒತ್ತಿದ್ದೇನೆ: ಹೊರಗಿನಿಂದ, ಬಳ್ಳಿ. ಅದೇ ನಿಜ, ಅದನ್ನೇ ಇಟ್ಟುಕೋ.

ಇನ್ನೊಂದು ವಿಷಯ. ಕಿಟಕಿಯ ಹತ್ತಿರ ಕಾಫಿ ಕುಡಿಯುವಾಗ ನಿನ್ನ ಪಂಪನ್ನು ಅಲ್ಲೇ ಇಟ್ಟು ಮರೆತಿದ್ದೀಯ. ಬ್ಯಾಗಿನಲ್ಲಿ ಇನ್ನೊಂದು ಇತ್ತಲ್ಲ ಎಂದು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಆಮೇಲೆ ನೋಡಿದರೆ ಬ್ಯಾಗೂ ಇಲ್ಲೇ ಇದೆ. ದೇವಸ್ಥಾನಕ್ಕೆ ಹೋದದ್ದು, ಗೋಡೆ ಸುತ್ತಿದ್ದು, ಅರಸೀಕೆರೆಯ ತನಕ ಬಸ್ಸಿನಲ್ಲಿ ಹೋದದ್ದು, ಎಲ್ಲ ಬರಿಗೈಯಲ್ಲಿ. ಮನೆ ಮುಟ್ಟಿದೆ ಎಂದು ನೀನು ಫೋನು ಮಾಡುವ ತನಕ ನನ್ನ ಜೀವ ಬಾಯಿಗೆ ಬಂದಿತ್ತು, ಅವತ್ತು ಬೈಯಲಿಲ್ಲ, ಈಗ ಬೈಯುತ್ತಿದ್ದೇನೆ. ಇನ್ನೊಮ್ಮೆ ಹೀಗೆ ಮಾಡಬೇಡ.

ಅದನ್ನು ಪೋಸ್ಟಿನಲ್ಲಿ ಕಳಿಸುವುದಿಲ್ಲ. ಒಳ್ಳೆಯ ಬೆಳಗ್ಗೆ ನೋಡಿಕೊಂಡು ಬಂದು ತೆಗೆದುಕೊಂಡು ಹೋಗು.

ನಾನು ಕ್ಷೇಮ.

ಪುಷ್ಪಕ್ಕ